ಮಾರಿಕುಪ್ಪಂ ಗಣಿಯಿಂದ ಬೆಳೆಗಾರ ಕಲಿಯಬೇಕಾದ ಲೆಕ್ಕ

ಹಿಂದೆ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಬಂಗಾರಪೇಟೆಯಲ್ಲಿ ದೊಡ್ಡ ರೈಲುಮಾರ್ಗದಿಂದ ಹಳಿಯೊಂದು ಕವಲೊಡೆಯುತ್ತದೆ. ಅದು ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 1894ರಲ್ಲಿ ಈ ಮಾರ್ಗವನ್ನು ಹಾಕಿದ್ದು ಕೋಲಾರದ ಚಿನ್ನದ ಗಣಿಗಳ ಸಲುವಾಗಿ. ಈಗ ಅದೇ ಹಳಿಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಬೆಳಗಿನ ಜಾವದ ರೈಲು ಹತ್ತಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಅವರಲ್ಲಿ ಅನೇಕರ ತಂದೆ, ತಾತಂದಿರು ಭೂಮಿಯೊಳಗೆ ಇಳಿದು ದುಡಿದವರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಕಾಫಿ, ಅಡಿಕೆ ಬೆಳೆಯುವವರ ಪತ್ರಿಕೆಯಲ್ಲಿ ಬಯಲುಸೀಮೆಯ ಗಣಿಯೊಂದರ ಸಂಗತಿ ಏಕೆ ಬಂತೆಂದರೆ, ಈಚಿನ ದಿನಗಳಲ್ಲಿ ಸದಸ್ಯ ಬಾಂಧವರು ನಮ್ಮನ್ನು ಮತ್ತೆ ಮತ್ತೆ ಕೇಳುತ್ತಿರುವ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರದ ಬಹುಭಾಗ ಸಿಗುತ್ತದೆ. ಮೊದಲನೆಯದು: "ಡಾಲರಿನ ಕಾಲ ಮುಗಿಯಿತಂತೆ, ದೇಶ ದೇಶಗಳು ಚಿನ್ನ ಕೂಡಿಡುತ್ತಿವೆಯಂತೆ, ನಮ್ಮ ಬೆಳೆಗೆ ಇದರಿಂದ ಏನಾದೀತು?" ಎರಡನೆಯದು: "ಚಿನ್ನದ ದರ ಇಷ್ಟು ಏರಿರುವಾಗ ಮನೆಯ ಒಡವೆ ಅಡವಿಟ್ಟು ತೋಟಕ್ಕೆ ದೊಡ್ಡ ಸಾಲ ಎತ್ತಬಹುದೇ?" ಮೊದಲನೆಯದು ಲೋಕದ ಪ್ರಶ್ನೆ, ಎರಡನೆಯದು ಅಡುಗೆಮನೆಯ ಪ್ರಶ್ನೆ ಎಂದು ತೋರಬಹುದು. ಎರಡೂ ಒಂದೇ ಪ್ರಶ್ನೆಯೆಂಬುದು ಈ ಪಾಠದ ವಿಷಯ.

ಚಿನ್ನಕ್ಕೆ ದರ ಕಟ್ಟಿದವರು

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಗಣಿಗಳ ಆಡಳಿತ ವಹಿಸಿಕೊಂಡಾಗ ಚಿನ್ನಕ್ಕೆ ಪೇಟೆ ದರವೆಂಬುದೇ ಇರಲಿಲ್ಲವೆನ್ನಬೇಕು. ಇಂಗ್ಲೆಂಡಿನ ಪೌಂಡು ಚಿನ್ನಕ್ಕೆ ಕಟ್ಟಿದ ಹಣವಾಗಿತ್ತು. ಒಂದು ಔನ್ಸು ಅಪ್ಪಟ ಚಿನ್ನಕ್ಕೆ ಹೆಚ್ಚುಕಡಿಮೆ 85 ಷಿಲಿಂಗು. ಹೋದ ವರ್ಷವೂ ಅಷ್ಟೇ, ಬರುವ ವರ್ಷವೂ ಅಷ್ಟೇ. ಎಷ್ಟು ತಂದರೂ ಒಂದೇ ದರಕ್ಕೆ ಕೊಳ್ಳುವ ಮಂಡಿಯೊಂದು ನಮ್ಮ ಅಡಿಕೆಗೆ ಇದ್ದಿದ್ದರೆ ಹೇಗಿರುತ್ತಿತ್ತೋ ಗಣಿಯವರ ಸ್ಥಿತಿ ಹಾಗಿತ್ತು. ಅವರು ಚಿಂತಿಸಬೇಕಾಗಿದ್ದುದು ಖರ್ಚಿನ ವಿಷಯ ಮಾತ್ರ.

ಆ ನಿಶ್ಚಿಂತೆಯನ್ನು ಮೈಸೂರು ಸಂಸ್ಥಾನ ಚೆನ್ನಾಗಿ ಬಳಸಿಕೊಂಡಿತೆಂದು ನಾವು ಹೇಳುತ್ತೇವೆ. ಗಣಿಯಿಂದ ಬಂದ ರಾಜಧನ ಖಜಾನೆಗೆ ಆಧಾರವಾಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈಗೊಂಡ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಗಣಿಗೆ ಶಕ್ತಿ ಒದಗಿಸಿತು. ತಂತಿ ಸಾಗಿದ ದೂರ ನೂರೈವತ್ತು ಕಿಲೋಮೀಟರಿಗೆ ಸಮೀಪ. ಖಾತರಿಯಾಗಿ ಕರೆಂಟು ಕೊಳ್ಳುವ ಗಿರಾಕಿ ಮೊದಲೇ ಸಿಕ್ಕಿದ್ದರಿಂದ ಯೋಜನೆ ನಿಂತಿತು, 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ದರ ಸ್ಥಿರವಾಗಿದ್ದ ಕಾಲದಲ್ಲಿ ಬಂದ ಹಣದಿಂದ, ದರ ಹೋದ ಮೇಲೂ ಉಳಿಯುವ ಆಸ್ತಿ ಮಾಡಿದರು. ಒಳ್ಳೆಯ ದರ ಬಂದ ವರ್ಷ ಕೆರೆಯ ಹೂಳು ತೆಗೆಸಿದ ಬೆಳೆಗಾರನ ಬುದ್ಧಿ ಇದು.

1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಪೌಂಡಿನ ಗಂಟನ್ನು ಚಿನ್ನದಿಂದ ಬಿಚ್ಚಿತು. ಪೌಂಡಿನ ಲೆಕ್ಕದಲ್ಲಿ ಚಿನ್ನದ ದರ ಏರಿತು, ಗಣಿಯ ಷೇರುದಾರರಿಗೆ ಲಾಭವಾಯಿತು. ರೂಪಾಯಿಯನ್ನೋ 18 ಪೆನ್ಸಿಗೆ ಒಂದರಂತೆ ಪೌಂಡಿಗೇ ಕಟ್ಟಿ ಇಟ್ಟಿದ್ದರು. ಆ ಹೊತ್ತಿಗೆ ಜಗತ್ತಿನಾದ್ಯಂತ ಬೆಳೆಗಳ ದರ ನೆಲಕಚ್ಚಿತ್ತು. ಕಂದಾಯ ಮತ್ತು ಸಾಲದ ಕಂತು ಮಾತ್ರ ಇಳಿಯಲಿಲ್ಲ. ನಮ್ಮ ಅಜ್ಜಂದಿರ ಕಾಲದ ರೈತ ಏನು ಮಾಡಿದ? ಮನೆಯ ಚಿನ್ನ ಮಾರಿದ. ಮುಂದಿನ ಕೆಲವು ವರ್ಷಗಳಲ್ಲಿ ನೂರಾರು ಕೋಟಿ ರೂಪಾಯಿಯ ಚಿನ್ನ ಬೊಂಬಾಯಿಯ ಹಡಗುಕಟ್ಟೆಯಿಂದ ಹೊರಗೆ ಹೋಯಿತು. ಅದರಲ್ಲಿ ಬಹುಪಾಲು ಸಂಕಟದಲ್ಲಿ ಮಾರಿದ ಒಡವೆ. ಆಗ ಈ ದೇಶದಲ್ಲಿ ಆಳುವ ಸರ್ಕಾರವಿತ್ತೇ ಹೊರತು ರೈತನ ಕಡೆಯಿಂದ ಮಾತನಾಡುವ ನಾಯಕತ್ವಕ್ಕೆ ಹಣದ ವಿಷಯದಲ್ಲಿ ಅಧಿಕಾರವಿರಲಿಲ್ಲ. ರೂಪಾಯಿಯ ದರವನ್ನು ಇಳಿಸಬೇಕೆಂದು ನಮ್ಮವರು ವಾದಿಸಿದರು, ಲಂಡನ್ ಒಪ್ಪಲಿಲ್ಲ. ಅದೇ ಕುಸಿತದ ಕಾಲದಲ್ಲಿ, 1935ರಲ್ಲಿ, ಕಾಫಿ ಸೆಸ್ ಕಾಯ್ದೆ ಬಂತು. ಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿದಾಗ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಹುಟ್ಟಿತು.

ಮೂವತ್ತೈದು ಡಾಲರಿನ ಕಥೆ

1944ರ ಜುಲೈ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕು ಹುಟ್ಟಿದ್ದು ಅಲ್ಲಿ. ಭಾರತದ ತಂಡದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಷ್ರಾಫ್ ಇದ್ದರು. ಯುದ್ಧಕಾಲದಲ್ಲಿ ನಾವು ಕೊಟ್ಟ ಸರಕಿಗಾಗಿ ಇಂಗ್ಲೆಂಡು ಕೊಡಬೇಕಾಗಿದ್ದ ಹಣ ಲಂಡನ್ನಿನಲ್ಲಿ ಪೌಂಡಿನ ರೂಪದಲ್ಲಿ ಕಟ್ಟಿಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳುವ ದಾರಿಯನ್ನು ಹೊಸ ನಿಧಿಯೇ ಮಾಡಿಕೊಡಲಿ ಎಂದು ಅವರು ಕೇಳಿದರು. ಅದು ಆಗಲಿಲ್ಲ. ಮತ್ತೊಬ್ಬರ ಹಣದಲ್ಲಿ ಉಳಿತಾಯ ಇಟ್ಟವನು ಆ ಮತ್ತೊಬ್ಬರ ಅನುಕೂಲಕ್ಕೆ ಕಾಯಬೇಕಾಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ರೆಟನ್ ವುಡ್ಸ್ ಏರ್ಪಾಟಿನ ಒಳಗುಟ್ಟು ಇಷ್ಟೇ. ಎಲ್ಲರ ಹಣ ಡಾಲರಿಗೆ ಕಟ್ಟು, ಡಾಲರು ಚಿನ್ನಕ್ಕೆ ಕಟ್ಟು. ಒಂದು ಔನ್ಸಿಗೆ 35 ಡಾಲರು. ಔನ್ಸೆಂದರೆ 31.1 ಗ್ರಾಂ. 1949ರ ಸೆಪ್ಟೆಂಬರಿನ ಅಪಮೌಲ್ಯದ ನಂತರ ಡಾಲರಿಗೆ 4 ರೂಪಾಯಿ 76 ಪೈಸೆ. ಆಗ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದವರು ಮಂಗಳೂರು ಕಡೆಯ ಬೆನಗಲ್ ರಾಮರಾಯರು. ಪೆನ್ಸಿಲು ಹಿಡಿದು ಗುಣಿಸಿ ನೋಡಿ: ಹತ್ತು ಗ್ರಾಂ ಚಿನ್ನಕ್ಕೆ 53 ರೂಪಾಯಿ 58 ಪೈಸೆ ಬರುತ್ತದೆ. ಇದು ಅಧಿಕೃತ ದರ. ಚಿನಿವಾರನ ಅಂಗಡಿಯ ದರ ಇದಕ್ಕಿಂತ ಬಹಳ ಮೇಲಿತ್ತು.

ಈಗ ಮಾರಿಕುಪ್ಪಂಗೆ ಹಿಂತಿರುಗೋಣ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಆರಂಭವಾದ ರಾಷ್ಟ್ರೀಕರಣದ ಪ್ರಯತ್ನ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದ ತಿಂಗಳಲ್ಲೇ ಫಲಿಸಿತು. 1956ರ ನವೆಂಬರಿನಲ್ಲಿ ಗಣಿಗಳು ಮೈಸೂರು ರಾಜ್ಯದ ಸೊತ್ತಾದವು. ಮುಕ್ಕಾಲು ಶತಮಾನ ಲಂಡನ್ನಿಗೆ ಹೋದ ಲಾಭ ಇನ್ನು ನಮಗೆ ಎಂಬ ಉತ್ಸಾಹ ಸಹಜವಾಗಿತ್ತು. ಕೈಗೆ ಬಂದ ಗಣಿ ಮಾತ್ರ ಹಳೆಯ ಗಣಿ. ಮೊದಲಲ್ಲಿ ಟನ್ನು ಅದಿರಿಗೆ ನಲವತ್ತು ಗ್ರಾಮಿಗೂ ಮೇಲೆ ಚಿನ್ನ ಕೊಟ್ಟ ಬಂಡೆ ಬರಬರುತ್ತ ಕೆಲವೇ ಗ್ರಾಮಿಗೆ ಇಳಿಯುತ್ತಿತ್ತು. ಚಾಂಪಿಯನ್ ರೀಫಿನ ಆಳ ಮೂರು ಕಿಲೋಮೀಟರು ದಾಟಿ ಹೋಗಿತ್ತು. ಆ ಆಳದಲ್ಲಿ ಬಂಡೆಯ ಬಿಸಿ, ಬಂಡೆ ಸಿಡಿಯುವ ಭಯ, ಗಾಳಿ ಇಳಿಸುವ ಖರ್ಚು, ನೀರೆತ್ತುವ ಖರ್ಚು ಎಲ್ಲವೂ ವರ್ಷದಿಂದ ವರ್ಷಕ್ಕೆ ಏರುವಂಥವು. ಬಂದ ಚಿನ್ನವನ್ನೋ ಪೇಟೆಯಲ್ಲಿ ಮಾರುವಂತಿರಲಿಲ್ಲ. ದೇಶಕ್ಕೆ ವಿದೇಶಿ ವಿನಿಮಯದ ಬರವಿದ್ದ ಕಾಲ. ಗಣಿಯ ಚಿನ್ನ ಅಧಿಕೃತ ದರದಲ್ಲಿ ಕೇಂದ್ರದ ಖಜಾನೆಗೆ ಸೇರುತ್ತಿತ್ತು.

ಖರ್ಚು ಪೇಟೆಯ ದರದಲ್ಲಿ, ಹುಟ್ಟುವಳಿ ಅಧಿಕೃತ ದರದಲ್ಲಿ. ಇಂಥ ಅಂಗಡಿ ಎಷ್ಟು ದಿನ ನಡೆದೀತೆಂದು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1962ರ ಕೊನೆಯಲ್ಲಿ ಗಣಿಗಳನ್ನು ಕೇಂದ್ರವೇ ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರಿಗೆ ಏಳೂವರೆ ರೂಪಾಯಿಯಾದಾಗ ಹತ್ತು ಗ್ರಾಂ ಚಿನ್ನದ ಅಧಿಕೃತ ದರ 84 ರೂಪಾಯಿ 39 ಪೈಸೆಗೆ ಏರಿತು. ಗಣಿಯೊಳಗೆ ಒಂದು ಕಲ್ಲೂ ಕದಲಿರಲಿಲ್ಲ, ಕೂಲಿಕಾರ ಒಂದು ಗಂಟೆಯೂ ಹೆಚ್ಚು ದುಡಿದಿರಲಿಲ್ಲ. ದರ ಒಂದೂವರೆ ಪಟ್ಟಿಗೂ ಮೇಲಾಯಿತು. 1970ರ ಸುಮಾರಿಗೆ ಪೇಟೆಯಲ್ಲಿ ಅದೇ ಹತ್ತು ಗ್ರಾಮಿಗೆ ಸುಮಾರು 180 ರೂಪಾಯಿ. ಅಚ್ಚರಿಯ ಸಂಗತಿಯೆಂದರೆ, ರಿಸರ್ವ್ ಬ್ಯಾಂಕು ತನ್ನ ಕೈಲಿದ್ದ ಚಿನ್ನವನ್ನು ಈ 84 ರೂಪಾಯಿಯ ಲೆಕ್ಕದಲ್ಲೇ 1990ರವರೆಗೂ ಪುಸ್ತಕದಲ್ಲಿ ತೋರಿಸುತ್ತಿತ್ತು. ತಾತ ಬರೆಸಿದ ಜಮಾಬಂದಿಯ ಬೆಲೆಯನ್ನೇ ಮೊಮ್ಮಗನೂ ಹೇಳುತ್ತಿದ್ದಂತೆ.

ಗಣಿ ಸೊರಗಿದ್ದು ದರದಿಂದ ಮಾತ್ರ ಎಂದು ನಾವು ಹೇಳುವುದಿಲ್ಲ. ಅದಿರು ಬಡವಾಗಿತ್ತು, ಅದು ನಿಜ. ಆದರೆ ಒಂದು ಗಣಿ ಚೆನ್ನಾಗಿ ಗಳಿಸಬಹುದಾದ ವರ್ಷಗಳಲ್ಲಿ ಗಳಿಸಲು ಬಿಡದೆ, ಆಮೇಲೆ ನಷ್ಟದ ಪಟ್ಟಿ ಹಿಡಿದು "ನೋಡಿ, ಇದು ತನ್ನ ಕಾಲ ಮೇಲೆ ನಿಲ್ಲಲಾರದು" ಎಂದರೆ ಆ ಲೆಕ್ಕದಲ್ಲಿ ಒಂದು ಪುಟ ಹರಿದುಹೋಗಿದೆ ಎಂದೇ ಅರ್ಥ. ದೇಶದ ಅವಶ್ಯಕತೆ ದೊಡ್ಡದಾಗಿತ್ತು, ಒಪ್ಪೋಣ. ಅದರ ಭಾರವನ್ನು ಹೊತ್ತವರು ಮಾರಿಕುಪ್ಪಂ, ಉರಿಗಾಂನ ಲೈನ್ ಮನೆಗಳವರು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಆ ಜನಕ್ಕೆ ಬ್ರೆಟನ್ ವುಡ್ಸ್ ಎಂಬ ಹೆಸರು ಯಾರೂ ಹೇಳಿರಲಾರರು.

ಗಂಟು ಬಿಚ್ಚಿದ ಮೇಲೆ

1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೆ ಬದಲು ಚಿನ್ನ ಕೊಡುವುದನ್ನು ನಿಲ್ಲಿಸಿದರು. 1973ರ ಮಾರ್ಚಿನ ಹೊತ್ತಿಗೆ ದೊಡ್ಡ ದೇಶಗಳ ಹಣಗಳೆಲ್ಲ ಒಂದರ ಎದುರು ಇನ್ನೊಂದು ತೇಲತೊಡಗಿದವು. (ಅದೇ ವರ್ಷ ಜುಲೈ 11ರಂದು, ಅಡಿಕೆಯ ದರ ಕುಸಿತದಿಂದ ಪಾಠ ಕಲಿತ ನಮ್ಮ ಕರಾವಳಿಯವರು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಕಟ್ಟಿದರು. ಎರಡಕ್ಕೂ ನೇರ ಸಂಬಂಧವಿಲ್ಲ. ಲೋಕ ಗಂಟು ಬಿಚ್ಚುತ್ತಿದ್ದಾಗ ಇಲ್ಲಿ ಕೆಲವರು ಗಂಟು ಹಾಕುತ್ತಿದ್ದರೆಂದು ನೆನೆದರೆ ನಮಗೆ ಸಂತೋಷವಾಗುತ್ತದೆ.) 1980ರ ಜನವರಿಯಲ್ಲಿ ಚಿನ್ನ ಔನ್ಸಿಗೆ 850 ಡಾಲರು ಮುಟ್ಟಿತು. ಇನ್ನೇನು ಸಾವಿರ ಎಂದು ಕೊಂಡವರು ಎರಡೂವರೆ ವರ್ಷದೊಳಗೆ ಅದು 300ರ ಆಸುಪಾಸಿಗೆ ಇಳಿದುದನ್ನು ನೋಡಿದರು. 2001ರಲ್ಲಿ, ಕೋಲಾರದ ಗಣಿ ಮುಚ್ಚಿದಾಗ, ದರ 260 ಡಾಲರಿನಷ್ಟಿತ್ತು.

ಇಲ್ಲೊಂದು ಒಗಟಿದೆ, ಸದಸ್ಯರು ಗಮನವಿಟ್ಟು ನೋಡಬೇಕು. 1980ರಿಂದ 2001ರವರೆಗೆ ಡಾಲರಿನ ಲೆಕ್ಕದಲ್ಲಿ ಚಿನ್ನ ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮ ಪೇಟೆಯಲ್ಲಿ ಮಾತ್ರ ಹತ್ತು ಗ್ರಾಮಿನ ದರ ಸುಮಾರು 1,300 ರೂಪಾಯಿಯಿಂದ 4,300ರವರೆಗೆ ಏರಿತು. ಚಿನ್ನ ಇಳಿದಿತ್ತು, ಅದಕ್ಕಿಂತ ಹೆಚ್ಚಾಗಿ ರೂಪಾಯಿ ಇಳಿದಿತ್ತು. ಡಾಲರಿಗೆ ಎಂಟು ರೂಪಾಯಿ ಇದ್ದದ್ದು ನಲವತ್ತಾರು ದಾಟಿತ್ತು. ನಮ್ಮ ಕೈಗೆ ಬರುವ ದರ ಎರಡು ಸಂಖ್ಯೆಗಳ ಗುಣಲಬ್ಧ: ಹೊರಗಿನ ದರ, ಮತ್ತು ರೂಪಾಯಿಯ ದರ. ಒಂದು ಬಿದ್ದರೂ ಇನ್ನೊಂದು ಅದನ್ನು ಮುಚ್ಚಿಡಬಲ್ಲದು. ಹಾಗೆ ಮುಚ್ಚಿಟ್ಟ ಕುಸಿತ ಕೂಲಿ, ಗೊಬ್ಬರ, ಡೀಸೆಲಿನ ಚೀಟಿಯಲ್ಲಿ ಹೊರಗೆ ಬರುತ್ತದೆ.

ಕಾಫಿಯಲ್ಲಿ ಇದೇ ಆಟ ನಡೆಯಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ದೇಶಕ್ಕಿಷ್ಟು ಎಂದು ಪಾಲು ಹಾಕಿ ದರ ಹಿಡಿದಿತ್ತು. 1989ರ ಜುಲೈನಲ್ಲಿ ಆ ಪಾಲಿನ ಏರ್ಪಾಟು ಮುರಿಯಿತು, ದರ ಅರ್ಧದಷ್ಟಾಯಿತು. ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಕರಗಿ, ರೂಪಾಯಿಯಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಹೋಯಿತು. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಾಗಿ 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. ಪೂಲಿನ ಪಾಯಿಂಟು ಹಣಕ್ಕಾಗಿ ವರ್ಷಗಟ್ಟಲೆ ಕಾದು ಬೇಸತ್ತಿದ್ದ ನಾವೆಲ್ಲ ಸಂತೋಷಪಟ್ಟೆವು. ಸಂತೋಷಕ್ಕೆ ಕಾರಣವೂ ಇತ್ತು. ಆದರೆ 2001, 2002ರಲ್ಲಿ ಲೋಕದ ಕಾಫಿ ದರ ಮೂವತ್ತು ವರ್ಷಗಳಲ್ಲೇ ಕೆಳಮಟ್ಟಕ್ಕೆ ಬಿದ್ದಾಗ ಹೊರೆ ಹಂಚಿಕೊಳ್ಳಲು ಪೂಲ್ ಇರಲಿಲ್ಲ. ಮಾರಿಕುಪ್ಪಂನಲ್ಲಿ ಸೈರನ್ನು ನಿಂತ ಕಾಲವೂ ಅದೇ ಎಂಬುದನ್ನು ಆಗ ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೆವು?

ಕಟ್ಟಿದ ದರವೂ ಕೊಲ್ಲಬಲ್ಲದು, ಬಿಟ್ಟ ದರವೂ ಕೊಲ್ಲಬಲ್ಲದು. ಅಡಿಕೆಗೆ ಲೋಕದ ಪೇಟೆಯ ಕಾಟ ಅಷ್ಟಿಲ್ಲ, ಅದು ನಮ್ಮ ದೇಶದೊಳಗೇ ಸಾಗುವ ಬೆಳೆ. ಅಲ್ಲಿಯೂ ಆಮದಿನ ಕನಿಷ್ಠ ದರವೆಂಬ ಕಟ್ಟಿದ ಸಂಖ್ಯೆಯೊಂದಿದೆ: 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದುದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಒಳಗಿನ ದರ, ಖರ್ಚು ಎರಡೂ ಏರುತ್ತ ಹೋದಂತೆ ನಿಂತಲ್ಲೇ ನಿಂತ ಸಂಖ್ಯೆ ಬೇಲಿಯಾಗಿ ಉಳಿಯುವುದಿಲ್ಲ. 35 ಡಾಲರಿನ ಗತಿಯೂ ಅದೇ ಆಗಿತ್ತು. ಆದ್ದರಿಂದ ಈ ದರವನ್ನು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಸಹಕಾರ ಸಂಘಗಳು ಕೇಳುವುದು ಬರಿಯ ಗೋಗರೆತವಲ್ಲ.

ದೇಶವೇ ಒಡವೆ ಅಡವಿಟ್ಟಾಗ

ನಾಯಕತ್ವವೆಂದರೇನೆಂಬುದು 1991ರಲ್ಲಿ ಪರೀಕ್ಷೆಗೆ ಬಂತು. ಕೊಲ್ಲಿ ಯುದ್ಧದಿಂದ ಎಣ್ಣೆಯ ದರ ಏರಿತ್ತು, ಹೊರಗಿನ ಸಾಲ ಹೆಗಲ ಮೇಲಿತ್ತು, ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಚಂದ್ರಶೇಖರ್ ಸರ್ಕಾರದ ಕಾಲದಲ್ಲಿ, ಮೇ ತಿಂಗಳಲ್ಲಿ, ಕಳ್ಳಸಾಗಣೆಯಲ್ಲಿ ಹಿಡಿದ ಚಿನ್ನದಿಂದ 20 ಟನ್ನನ್ನು ಮರಳಿ ಕೊಳ್ಳುವ ಷರತ್ತಿನ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿದರು. ಜುಲೈಯಲ್ಲಿ, ನರಸಿಂಹರಾಯರು ಪ್ರಧಾನಿಯಾಗಿ ಮನಮೋಹನ ಸಿಂಗರು ಹಣಕಾಸು ಮಂತ್ರಿಯಾದ ಮೇಲೆ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನದಲ್ಲಿ ಲಂಡನ್ನಿಗೆ ಹೋಯಿತು. ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಿಂದ ಅದರ ಮೇಲೆ 40 ಕೋಟಿ ಡಾಲರಿನಷ್ಟು ಸಾಲ ಬಂತು. ಆ ತಿಂಗಳ ಮೊದಲ ವಾರದಲ್ಲೇ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದ್ದರು.

ದೇಶದ ಮಾನ ಹೋಯಿತೆಂದು ಆಗ ಬಹಳ ಜನ ನೊಂದರು. ನಮ್ಮ ಅಭಿಪ್ರಾಯ ಬೇರೆ. ಮುಂಗಾರಿಗೆ ಮುಂಚೆ ಗೊಬ್ಬರಕ್ಕೆಂದು ಬಳೆ ಅಡವಿಟ್ಟು, ಕೊಯ್ಲಾದ ಮೇಲೆ ಬಿಡಿಸಿಕೊಂಡು ಬರುವ ಮನೆಯನ್ನು ನಾವು ಯಾರೂ ಮರ್ಯಾದೆಗೆಟ್ಟ ಮನೆ ಎನ್ನುವುದಿಲ್ಲ. ಆ 47 ಟನ್ನಿನ ಮೇಲಿನ ಸಾಲ ಅದೇ ವರ್ಷದೊಳಗೆ ತೀರಿತು. ಅಡವಿಟ್ಟವರು ಸಿಕ್ಕ ಕಾಲಾವಕಾಶವನ್ನು ಮನೆಯ ಖರ್ಚು ತಿದ್ದಲು ಬಳಸಿದರೋ ಇಲ್ಲವೋ ಎಂಬುದೇ ಪ್ರಶ್ನೆ. 1991ರಲ್ಲಿ ಬಳಸಿದರು, ತಿದ್ದಿದ ಖರ್ಚಿನಲ್ಲಿ ಬಡವರ ಪಾಲು ಎಷ್ಟು, ಉಳ್ಳವರ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಗಣಿಯ ವಿಷಯದಲ್ಲಿ ನಮ್ಮ ದೂರು ಇದೇ ತಾನೆ: ದೇಶಕ್ಕೆ ಚಿನ್ನ ಬೇಕಾದಾಗ ನಷ್ಟವನ್ನು ಒಂದೇ ಊರಿನ ಮೇಲೆ ಹಾಕಿದರು.

ಇನ್ನು ಮುಂದೆ ಏನು

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಯೂರೋಪಿನ ದೇಶಗಳು ತಮ್ಮಲ್ಲಿದ್ದ ರಷ್ಯದ ಮೀಸಲು ನಿಧಿಯನ್ನು ತಡೆಹಿಡಿದವು. ಸುಮಾರು 30,000 ಕೋಟಿ ಡಾಲರು. ಯುದ್ಧದ ಸರಿತಪ್ಪು ಬೇರೆ ಮಾತು. ಡಾಲರು, ಯೂರೋಗಳಲ್ಲಿ ಉಳಿತಾಯ ಇಟ್ಟಿದ್ದ ದೇಶಗಳೆಲ್ಲ ಅಂದು ರಾತ್ರಿ ತಮ್ಮ ಪೆಟ್ಟಿಗೆಯ ಬೀಗ ಯಾರ ಕೈಲಿದೆ ಎಂದು ನೋಡಿಕೊಂಡವು. 2022, 2023, 2024, ಈ ಮೂರು ವರ್ಷಗಳಲ್ಲೂ ಲೋಕದ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕು 2024ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಿನ್ನದಲ್ಲಿ ನೂರು ಟನ್ನಿನಷ್ಟನ್ನು ಮನೆಗೆ ತರಿಸಿತು. 2025ರ ಮಾರ್ಚಿನಲ್ಲಿ ಅದರ ಒಟ್ಟು ಚಿನ್ನ ಸುಮಾರು 880 ಟನ್. ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷ ಅಗೆದು ಕೊಟ್ಟದ್ದು 800 ಟನ್ನಿಗೆ ತುಸು ಮೇಲೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ನೆಲ ಕೊಟ್ಟದ್ದರ ಅಳತೆ ತಿಳಿಯುತ್ತದೆ. ಚಿನ್ನದ ದರ 2025ರ ಅಕ್ಟೋಬರಿನಲ್ಲಿ ಔನ್ಸಿಗೆ 4,000 ಡಾಲರು ದಾಟಿತು.

ಹಾಗಾದರೆ ಡಾಲರು ಹೋಯಿತೇ? ಹಾಗೆ ನಂಬಬೇಡಿ. ಹಣಕಾಸು ನಿಧಿಯಲ್ಲಿ ಮುಖ್ಯ ತೀರ್ಮಾನಗಳಿಗೆ ನೂರಕ್ಕೆ 85 ಮತ ಬೇಕು. ಅಮೆರಿಕವೊಂದರ ಮತವೇ 16ಕ್ಕೂ ಮೇಲೆ, ಭಾರತದ್ದು ಮೂರಕ್ಕೂ ಕಡಿಮೆ. ಬೇರೆ ದಾರಿಯ ಹುಡುಕಾಟವೂ ನಡೆದಿದೆ. ಬ್ರಿಕ್ಸ್ ದೇಶಗಳು ಶಾಂಘೈಯಲ್ಲಿ ತೆರೆದ ಹೊಸ ಅಭಿವೃದ್ಧಿ ಬ್ಯಾಂಕಿಗೆ 2015ರಿಂದ 2020ರವರೆಗೆ ಮೊದಲ ಅಧ್ಯಕ್ಷರಾಗಿದ್ದವರು ಮಂಗಳೂರಿನವರಾದ ಕೆ.ವಿ. ಕಾಮತರು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲೇ ನಡೆಸಲು ದಾರಿ ಮಾಡಿತು. ಆದರೆ ಎಣ್ಣೆ ಮಾರಿದ ರಷ್ಯ, ಭಾರತದ ಬ್ಯಾಂಕುಗಳಲ್ಲಿ ರಾಶಿಬಿದ್ದ ರೂಪಾಯಿಯನ್ನು ಬಳಸುವುದು ಹೇಗೆಂದು 2023ರಲ್ಲಿ ಬಹಿರಂಗವಾಗಿಯೇ ಗೊಣಗಿತು. 1944ರಲ್ಲಿ ಲಂಡನ್ನಿನ ಪೌಂಡಿನ ಬಗ್ಗೆ ನಾವು ಹೇಳಿದ ಮಾತನ್ನೇ ಈಗ ನಮಗೆ ಇನ್ನೊಬ್ಬರು ಹೇಳುತ್ತಿದ್ದಾರೆ! ಒಬ್ಬನ ಹಣವನ್ನು ಮತ್ತೊಬ್ಬ ನಂಬಿ ಇಟ್ಟುಕೊಳ್ಳಬೇಕಾದರೆ ಆ ಹಣದಿಂದ ಕೊಳ್ಳಬಹುದಾದ ಸರಕೂ ಇರಬೇಕು, ಬೇಕೆಂದಾಗ ಬಿಡಿಸಿಕೊಳ್ಳುವ ಬಾಗಿಲೂ ಇರಬೇಕು. ಇದು ಬರಿಯ ಭಾಷಣದಿಂದ ಆಗುವ ಕೆಲಸವಲ್ಲ. ನಮಗೆ ತೋರುವಂತೆ, ಬರುವ ವರ್ಷಗಳಲ್ಲಿ ಒಂದೇ ಯಜಮಾನನ ಏರ್ಪಾಟು ಸಡಿಲವಾಗುತ್ತದೆ, ಅದರ ಜಾಗಕ್ಕೆ ಬೇರೊಂದು ಬೇಗನೆ ಬರುವುದಿಲ್ಲ. ನಡುವಿನ ಕಾಲದಲ್ಲಿ ದರಗಳ ಏರಿಳಿತ ಹೆಚ್ಚುತ್ತದೆ. ಬೆಳೆಗಾರ ಸಿದ್ಧನಾಗಬೇಕಾದದ್ದು ಏರಿಕೆಗಲ್ಲ, ಇಳಿಕೆಗೂ ಅಲ್ಲ, ಏರಿಳಿತಕ್ಕೆ.

ಈಗ ಲೆಕ್ಕ. ರೊಬಸ್ಟಾ ಲಂಡನ್ನಿನಲ್ಲಿ ಟನ್ನಿಗೆ 4,000 ಡಾಲರು, ಡಾಲರಿಗೆ 85 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಕ್ಲೀನ್ ಕಾಫಿ ಕಿಲೋಗೆ 340 ರೂಪಾಯಿ. ನಿಮ್ಮ 50 ಕಿಲೋ ಚೆರಿ ಚೀಲದ ಔಟ್‌ಟರ್ನ್ 26 ಕಿಲೋ ಆದರೆ ಚೀಲಕ್ಕೆ 8,840. ಕ್ಯೂರಿಂಗ್ ಖರ್ಚು ಮತ್ತು ವ್ಯಾಪಾರಿಯ ಅಂಚು ಇದರಲ್ಲಿ ಕಳೆಯಬೇಕು. ಲಂಡನ್ ದರ 3,500ಕ್ಕೆ ಇಳಿದರೆ 7,735. ಲಂಡನ್ ಅಲ್ಲೇ ನಿಂತು ರೂಪಾಯಿ 90ಕ್ಕೆ ಇಳಿದರೆ 9,360. ಈ ಎರಡನೆಯ ಏರಿಕೆಯನ್ನು ಲಾಭವೆಂದು ಎಣಿಸುವ ಮುನ್ನ ಗೊಬ್ಬರದಂಗಡಿಯ ಹೊಸ ಪಟ್ಟಿ ಬರುವವರೆಗೆ ಕಾಯಿರಿ.

ಒಡವೆಯ ಲೆಕ್ಕ ಇನ್ನೂ ಮುಖ್ಯ. ಮನೆಯಲ್ಲಿ ಹತ್ತು ಪವನು, ಅಂದರೆ 80 ಗ್ರಾಂ ಇದೆ ಎನ್ನೋಣ. ಗ್ರಾಮಿಗೆ 6,000 ಇದ್ದಾಗ ಬೆಲೆ 4 ಲಕ್ಷ 80 ಸಾವಿರ. ಮುಕ್ಕಾಲು ಪಾಲು ಸಾಲ ಸಿಕ್ಕರೆ 3 ಲಕ್ಷ 60 ಸಾವಿರ. ಗ್ರಾಮಿಗೆ 12,000 ಆದಾಗ ಅದೇ ಒಡವೆಗೆ 7 ಲಕ್ಷ 20 ಸಾವಿರ ಸಾಲ. ತೋಟ ಅದೇ, ಮರ ಅಷ್ಟೇ, ಕೊಯ್ಲು ಅಷ್ಟೇ. ಸಾಲ ಮಾತ್ರ ಎರಡರಷ್ಟು. ಚಿನ್ನ ನೂರಕ್ಕೆ ಮೂವತ್ತು ಇಳಿದರೆ ಒಡವೆಯ ಬೆಲೆ 6 ಲಕ್ಷ 72 ಸಾವಿರ, ಸಾಲಕ್ಕಿಂತ ಕಡಿಮೆ, ಬಡ್ಡಿ ಬೇರೆ. 1980ರ ಶಿಖರದಿಂದ ಚಿನ್ನ ನೂರಕ್ಕೆ ಅರವತ್ತಕ್ಕೂ ಹೆಚ್ಚು ಇಳಿದಿತ್ತೆಂಬುದನ್ನು ಮೇಲೆ ಓದಿದ್ದೀರಿ. ಇಳಿಯುತ್ತದೆಂದು ನಾವು ಭವಿಷ್ಯ ನುಡಿಯುತ್ತಿಲ್ಲ. ಆದ್ದರಿಂದ ಸಾಲದ ಮೊತ್ತವನ್ನು ಒಡವೆಯ ಬೆಲೆ ನೋಡಿ ಗೊತ್ತು ಮಾಡದೆ, ಬರುವ ಕೊಯ್ಲು ಸಾಧಾರಣ ದರದಲ್ಲಿ ಎಷ್ಟು ತರುತ್ತದೆಂದು ನೋಡಿ ಗೊತ್ತು ಮಾಡಿ. ಸಾಧಾರಣ ದರವೆಂದರೆ ಹೋದ ವರ್ಷದ ದರವಲ್ಲ, ಕಳೆದ ಹತ್ತು ವರ್ಷಗಳ ಸರಾಸರಿ. ಅಡವಿಡುವ ಮುನ್ನ ಒಡವೆಯ ಒಡತಿಯನ್ನೂ ಕೂಡಿಸಿಕೊಂಡು ಈ ಲೆಕ್ಕ ಮಾಡುವುದು ನ್ಯಾಯ. 1931ರಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲ.

ಮಾರಿಕುಪ್ಪಂ, ಉರಿಗಾಂ ಸುತ್ತ ಗಣಿಯ ಮಿಲ್ಲಿನಿಂದ ಹೊರಬಿದ್ದ ಬೂದಿಬಣ್ಣದ ಮಣ್ಣಿನ ಗುಡ್ಡಗಳು ಈಗಲೂ ನಿಂತಿವೆ. ಜನ ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿಗಾಲದಲ್ಲಿ ಅದರ ಧೂಳು ಮನೆಗಳೊಳಗೆ ಬರುತ್ತದೆ. ಪ್ರತಿ ಟನ್ನಿನಲ್ಲಿ ಒಂದಿಷ್ಟು ಚಿನ್ನದ ಅಂಶ ಉಳಿದಿದೆ. ಹಳೆಯ ದರದಲ್ಲಿ ಅದು ಕಸ, ಇಂದಿನ ದರದಲ್ಲಿ ಅದಿರು. 2024ರ ಜೂನ್‌ನಲ್ಲಿ ಇಂಥ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇದರ ಆದಾಯದಲ್ಲಿ ಆ ಧೂಳು ಕುಡಿದ ಊರಿಗೆ ಪಾಲೆಷ್ಟು ಎಂದು ಅಲ್ಲಿಯವರು ಕೇಳಬೇಕು. ಅವರೊಂದಿಗೆ ನಾವೂ ಕೇಳಬಹುದು.

ಸದಸ್ಯರು ತಮ್ಮ ಕಳೆದ ಹತ್ತು ವರ್ಷಗಳ ಮಾರಾಟ ಚೀಟಿಗಳನ್ನು ಹುಡುಕಿ, ಪ್ರತಿ ವರ್ಷದ ಚೀಲದ ದರ, ಆ ವರ್ಷದ ಕೂಲಿ, ಗೊಬ್ಬರದ ದರ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಅಧ್ಯಯನ ಕೂಟಕ್ಕೆ ತರಬೇಕಾಗಿ ವಿನಂತಿ. ಹಳೆಯ ಚೀಟಿಗಳು ಗೆದ್ದಲು ಪಾಲಾಗಿದ್ದರೆ ಸಂಘದ ಕಚೇರಿಯ ಖಾತೆಯಲ್ಲಿ ನೋಡಿ ಬರೆದುಕೊಳ್ಳಬಹುದು. ಆ ದಿನ ಮೊದಲು ಲಂಡನ್ ದರ, ರೂಪಾಯಿಯ ದರ ಎರಡನ್ನೂ ಹಲಗೆಯ ಮೇಲೆ ಬರೆದು, ಆಮೇಲೆ ಒಬ್ಬೊಬ್ಬರ ಹಾಳೆಯನ್ನು ಅದರೊಡನೆ ಹೋಲಿಸಿ ನೋಡೋಣ.